ಮಾರಿಸ್ ಮೈನರ್ ಟಿಂಕರಿಂಗ್‌ಗೆ ಹೋಗುತ್ತಿದೆ, ಎಷ್ಟು ಬಿಚ್ಚಿ ಕಳಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1958ರ ಮಾರಿಸ್ ಮೈನರ್ ಕಾರು ಇದೆ, ನಾಲ್ಕು ಡೋರಿನದು. ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಅದರದ್ದೇ ಕೆಲಸ. 948 ಸಿಸಿ ಎಂಜಿನ್ ಮುಗಿಯಿತು, ಗೇರ್‌ಬಾಕ್ಸ್ ಮುಗಿಯಿತು, ಬ್ರೇಕೂ ಆಯಿತು. ಇಷ್ಟನ್ನೂ ನಾನೇ ಮಾಡಿದೆ. ವೆಲ್ಡಿಂಗ್ ಮತ್ತು ಪೇಂಟ್ ಮಾತ್ರ ನನ್ನ ಕೈಲಾಗುವ ಕೆಲಸವಲ್ಲ, ಹೊರಗೆ ಕೊಡಲೇಬೇಕು.

ಎಡಗಡೆ ಸಿಲ್‌ಗೆ, ಅಂದರೆ ಡೋರಿನ ಕೆಳಗೆ ಉದ್ದಕ್ಕೆ ಬರುವ ತಗಡಿನ ತೊಲೆಗೆ, ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಗುತ್ತದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ) ಹತ್ತಿರ ತಗಡು ಪದರ ಪದರವಾಗಿ ಎದ್ದಿದೆ. ರೂಫ್, ಬಾನೆಟ್ ಚೆನ್ನಾಗಿವೆ.

ಡೋರು, ಗ್ಲಾಸು, ವೈರಿಂಗ್ ಎಲ್ಲ ಬಿಚ್ಚಿ ಬರೀ ಬಾಡಿ ಮಾತ್ರ ಕಳಿಸೋಣ, ಪೂರ್ತಿ ಸ್ಯಾಂಡ್ ಬ್ಲಾಸ್ಟ್ (ಮರಳು ರಭಸವಾಗಿ ಹೊಡೆದು ಬಣ್ಣ, ತುಕ್ಕು ತೆಗೆಯುವುದು) ಮಾಡಿಸೋಣ, ಡೋರುಗಳನ್ನು ಆಮೇಲೆ ಬೇರೆಯಾಗಿ ಪೇಂಟ್ ಮಾಡಿಸೋಣ ಅಂತ ಯೋಚನೆ. ಸಾಮಾನು ಕಳೆಯೋದೂ ತಪ್ಪುತ್ತದೆ ಅಲ್ವಾ? ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ತಿಳಿಸಿ.

ಉತ್ತರ 1

ದಯವಿಟ್ಟು ಡೋರ್ ಬಿಚ್ಚಬೇಡಿ. ನಾನೂ ನಿಮ್ಮ ಹಾಗೆಯೇ ಯೋಚಿಸಿ ನನ್ನ ಮೈನರ್‌ನ ಬರೀ ಬಾಡಿ ಕಳಿಸಿದ್ದೆ. ನಾಲ್ಕೂ ಡೋರು ಮನೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದವು. ಅದಕ್ಕೆ ನಾನು ತೆತ್ತದ್ದು ಪೂರ್ತಿ ಒಂದು ವರ್ಷ.

ಈ ಕಾರಿಗೆ ಬೇರೆ ಚಾಸಿಸ್, ಅಂದರೆ ಅಡಿ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿಸ್. ಭಾರ ಹೊರುವುದರಲ್ಲಿ ಸಿಲ್‌ಗಳದ್ದು ದೊಡ್ಡ ಪಾಲು. ಒಳಗೆ ಆಸರೆ ಕೊಡದೆ ಸಿಲ್ ಕತ್ತರಿಸಿದರೆ ನಡು ಕುಸಿಯುತ್ತದೆ. ಕೆಲವೇ ಮಿಲಿಮೀಟರ್, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೇಳುವುದು ಡೋರ್ ಮಾತ್ರ. ನನ್ನ ಬಾಡಿ ಕೊಟ್ಟ ಗ್ಯಾರೇಜಿನಲ್ಲಿ ಎರಡೂ ಕಡೆಯ ಸಿಲ್ ಒಟ್ಟಿಗೆ ಕತ್ತರಿಸಿ ಹೊಸದು ಕೂರಿಸಿದ್ದರು. ಕೂರಿಸಿ ನೋಡಲು ಅವರ ಹತ್ತಿರ ಡೋರೇ ಇರಲಿಲ್ಲ. ಅದು ನನ್ನ ತಪ್ಪು.

ಬಾಡಿ ವಾಪಸ್ ಬಂದಾಗ ಬಣ್ಣ ನೋಡಿ ಕಣ್ಣು ತುಂಬಿ ಬಂತು. ಮಾರನೇ ದಿನ ಸ್ನೇಹಿತ ಡೋರ್ ಎತ್ತಿ ಹಿಡಿದ, ನಾನು ಹಿಂಜ್ ಬೋಲ್ಟ್ ಬಿಗಿದೆ. ಮೆಲ್ಲಗೆ ಮುಚ್ಚಿದೆ. ಮೇಲಿನ ಹಿಂದಿನ ಮೂಲೆ ಪಿಲ್ಲರ್‌ಗೆ ತಾಗಿ ಉಗುರಿನಷ್ಟು ಪೇಂಟ್ ಎದ್ದು ಬಂತು, ಕೆಳಗೆ ಒಳಗಿನ ತಗಡು ಕಂಪು ಪ್ರೈಮರ್ ಸಮೇತ ಕಾಣುತ್ತಿತ್ತು. ಆ ಮೂಲೆಯಲ್ಲಿ ಬೆಂಕಿಕಡ್ಡಿ ತೂರಿಸುವಷ್ಟೂ ಜಾಗವಿಲ್ಲ, ಕೆಳಗಡೆ ಕಿರುಬೆರಳು ಹೋಗುತ್ತಿತ್ತು. ಸಿಲ್ ಮತ್ತೆ ಕತ್ತರಿಸಬೇಕಾಯಿತು. ಆ ಬಣ್ಣವೆಲ್ಲ ಸುಟ್ಟು ಹೋಯಿತು.

ಹಾಗಾಗಿ ಡೋರು, ಹಿಂಜು, ಲಾಕು, ಸ್ಟ್ರೈಕರ್ (ಲಾಕ್ ಹಿಡಿದುಕೊಳ್ಳುವ ಕೊಂಡಿ), ಬಾನೆಟ್, ಡಿಕ್ಕಿ ಬಾಗಿಲು ಎಲ್ಲ ಬಾಡಿಯ ಜೊತೆಯಲ್ಲೇ ಹೋಗಲಿ. ಡೋರಿನ ಅಂಚಿಗೆ ಹಾಕುವ ಹೊಸ ರಬ್ಬರ್ ಬೀಡಿಂಗ್ ಕೂಡ ಈಗಲೇ ತಂದು ಕೊಡಿ. ಪ್ರೈಮರ್ ಹಂತದಲ್ಲೇ ಬೀಡಿಂಗ್ ಸಿಕ್ಕಿಸಿ ಡೋರ್ ಮುಚ್ಚಿ ನೋಡಬೇಕು. ಹೊಸ ರಬ್ಬರ್ ಹಳೆಯದಕ್ಕಿಂತ ದಪ್ಪ ಇರುವುದು ಜಾಸ್ತಿ, ಲಾಕ್ ಹಿಡಿಯುವುದೇ ಇಲ್ಲ. ಅದೆಲ್ಲ ಬಣ್ಣ ಬೀಳುವ ಮುಂಚೆ ಗೊತ್ತಾಗಬೇಕು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಮೀಟರು, ಬ್ಯಾಡ್ಜು, ಕ್ರೋಮ್ ಸಾಮಾನು, ಸೀಟು, ಕಾಗದಪತ್ರ. ಕಳೆಯುವುದು ಇಂಥವೇ. ಬೋಲ್ಟುಗಳನ್ನು ಸಣ್ಣ ಕವರಿನಲ್ಲಿ ಹಾಕಿ ಎಲ್ಲಿಯದು ಅಂತ ಬರೆದಿಡಿ, ಕೊಡುವ ಸಾಮಾನಿನ ಫೋಟೋ ತೆಗೆದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ.

ಉತ್ತರ 2

ನಾನು ಪೇಂಟ್ ಕೆಲಸದವನು. ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಸ್ಯಾಂಡ್ ಬ್ಲಾಸ್ಟ್ ಬಗ್ಗೆ ಒಂದು ಮಾತು. ರೂಫ್, ಬಾನೆಟ್, ಡೋರಿನ ಹೊರತಗಡಿಗೆ ಅದನ್ನು ಹಿಡಿಯಲು ಬಿಡಬೇಡಿ. ಚಪ್ಪಟೆ ತಗಡು ಮರಳಿನ ಏಟಿಗೆ ಹಿಗ್ಗಿ ಡೊಂಕಾಗುತ್ತದೆ, ಆಮೇಲೆ ಅಂಗೈಯಲ್ಲಿ ಒತ್ತಿದರೆ ಡಬ್ ಡಬ್ ಅನ್ನುತ್ತದೆ. ಅಂಥ ಕಡೆ ಪೇಂಟ್ ರಿಮೂವರ್ ಹಚ್ಚಿ ಕೆರೆಯುವುದೇ ವಾಸಿ. ಬ್ಲಾಸ್ಟಿಂಗ್ ಕೆಳಭಾಗಕ್ಕೆ, ಸ್ಪ್ರಿಂಗ್ ಹ್ಯಾಂಗರ್ ಥರದ ದಪ್ಪ ಜಾಗಕ್ಕೆ ಸಾಕು.

ಬೋಳು ತಗಡನ್ನು ಸುಮ್ನೆ ಬಿಡಬಾರದು. ಗಾಳಿಯಲ್ಲಿ ತೇವ ಇದ್ದರೆ ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆರೆದ ದಿನವೇ ಎಪಾಕ್ಸಿ ಪ್ರೈಮರ್ ಬೀಳಲಿ. ತಗ್ಗು ತುಂಬುವ ಪುಟ್ಟಿ ಅದರ ಮೇಲೆ, ಎರಡು ಮೂರು ಮಿಲಿಮೀಟರ್ ಮೀರದಂತೆ. ಅದಕ್ಕಿಂತ ಜಾಸ್ತಿ ಬೇಕಾಗಿದೆ ಅಂದರೆ ಸುತ್ತಿಗೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ಬಣ್ಣಕ್ಕೆ ಮುಂಚೆ ಒಂದು ಸಲ ನೀವೇ ಹೋಗಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ ನೋಡಿ. ಪುಟ್ಟಿ ದಪ್ಪ ಇದ್ದ ಕಡೆ ಹಿಡಿತ ಸಡಿಲವಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಇನ್ನೆರಡು ಸಂಶಯ. ಮಡ್‌ಗಾರ್ಡ್ ಬಾಡಿಯ ಮೇಲೆ ಇಟ್ಟೇ ಪೇಂಟ್ ಹೊಡೆಯುತ್ತೇವೆ, ಬಣ್ಣ ಒಂದೇ ಥರ ಬರುತ್ತದೆ ಅಂತ ಗ್ಯಾರೇಜಿನವರು ಅನ್ನುತ್ತಿದ್ದಾರೆ. ಒಪ್ಪಬಹುದಾ? ಮತ್ತೆ ಮೂಲ ಬಣ್ಣ ಹೇಗೆ ಹಿಡಿಯೋದು? ಹೊರಗಡೆ ಮೂರು ಸಲ ಬಣ್ಣ ಬದಲಾಗಿದೆ.

ಉತ್ತರ 1

ಒಪ್ಪಬೇಡಿ. ಮೈನರ್‌ನ ಮಡ್‌ಗಾರ್ಡ್ ನಾಲ್ಕೂ ಬೋಲ್ಟಿನವು, ಮಡ್‌ಗಾರ್ಡ್ ಮತ್ತು ಬಾಡಿಯ ನಡುವೆ ಸಣ್ಣ ಪೈಪಿಂಗ್ (ಸಂದು ಮುಚ್ಚುವ ಪಟ್ಟೆ) ಬರುತ್ತದೆ. ಮೇಲಿಟ್ಟು ಹೊಡೆದರೆ ಪೈಪಿಂಗ್ ಹಿಂದಿನ ಅಂಚಿಗೆ ಬಣ್ಣವೇ ತಲುಪುವುದಿಲ್ಲ. ನೀರು ನಿಲ್ಲುವ ಜಾಗ ಅದು, ಹಳೆಯ ತುಕ್ಕು ಶುರುವಾಗಿದ್ದೂ ಅಲ್ಲಿಂದಲೇ. ಮೊದಲು ಜೋಡಿಸಿ ಗ್ಯಾಪ್ ಸರಿ ಮಾಡಿ, ಆಮೇಲೆ ಬಿಚ್ಚಿ ಪೇಂಟ್ ಮಾಡಲಿ. ಒಂದೇ ಸಲ ಕಲಸಿದ ಬಣ್ಣವಾದರೆ ವ್ಯತ್ಯಾಸ ಬರುವುದಿಲ್ಲ.

ಬಿಸಿಲು ಬೀಳದ ಜಾಗದಲ್ಲಿ ಮೂಲ ಬಣ್ಣ ಹುಡುಕಿ. ನನಗೆ ಸಿಕ್ಕಿದ್ದು ಡ್ಯಾಶ್‌ಬೋರ್ಡ್ ಹಿಂದೆ, ಅಂಗೈ ಅಗಲ. ಪಾಲಿಶ್ ಹಚ್ಚಿ ಉಜ್ಜಿದ ಮೇಲೆ ನಿಜವಾದ ಹಸಿರು ಕಂಡಿತು. ಸಣ್ಣ ತಗಡಿನ ಮೇಲೆ ಹೊಡೆಸಿ, ಬಿಸಿಲಲ್ಲೂ ನೆರಳಲ್ಲೂ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಹೂಂ ಅನ್ನಿ.

ದುಡ್ಡಿನ ವಿಷಯ. ಕೆಲಸ ಮುಗಿದಷ್ಟಕ್ಕೆ ಕೊಡಿ. ವೆಲ್ಡಿಂಗ್ ಮುಗಿದು ಡೋರ್ ಕೂತಾಗ ಒಂದು ಕಂತು, ಪ್ರೈಮರ್‌ಗೆ ಒಂದು, ಬಣ್ಣಕ್ಕೆ ಒಂದು. ಪೂರ್ತಿ ಮುಂಗಡ ಬೇಡ. ವಾರಕ್ಕೊಮ್ಮೆ ಹೋಗಿ ಬನ್ನಿ. ಯಾರೂ ಬರದ ಕಾರು ಮೂಲೆ ಸೇರುತ್ತದೆ, ಅವರಿಗೂ ದಿನದ ಗಿರಾಕಿ ಮುಖ್ಯ ಅಲ್ವಾ.

ವಾಪಸ್ ಬಂದ ಕೂಡಲೇ ಡೋರು, ಸಿಲ್ ಅಡಿಯ ನೀರು ಹೋಗುವ ತೂತುಗಳು ಪುಟ್ಟಿ ಅಥವಾ ಬಣ್ಣದಲ್ಲಿ ಮುಚ್ಚಿವೆಯಾ ನೋಡಿ. ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸಿ. ಈಗ ಮಾಡಬೇಕಾದ್ದು, ಡೋರ್ ಗ್ಯಾಪ್ ಅಳೆದು ಬರೆದಿಡಿ.

ಪ್ರಶ್ನೆ ಕೇಳಿದವರು

ಈಗಷ್ಟೇ ಅಳೆದೆ. ಮುಂದಿನ ಡೋರಿನ ಹಿಂದಿನ ಅಂಚು. ಬಲಗಡೆ ಮೇಲಿಂದ ಕೆಳಗಿನವರೆಗೂ 5 ಮಿಲಿಮೀಟರ್. ಎಡಗಡೆ ಮೇಲೆ 3, ಕೆಳಗೆ 8. ಆ ಕಡೆ ಸಿಲ್ ತುಕ್ಕು ಹಿಡಿದಿದ್ದಕ್ಕೆ ಆಗಲೇ ಕುಸಿದಿದೆ ಅನ್ನಿಸುತ್ತದೆ. ಡೋರ್ ಬಿಚ್ಚಿ ಕಳಿಸಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳತೆ ಬರೆದು ಗ್ಲಾಸಿಗೆ ಅಂಟಿಸಿದ್ದೇನೆ. ನಾಲ್ಕೂ ಡೋರ್ ಕಾರಿನಲ್ಲೇ ಇರುತ್ತವೆ.