ಡಾಕ್ಟರ್ ಅಲ್ಲದವರು ಆರೋಗ್ಯ ಸಂಶೋಧನೆಗೆ ಬರಬಹುದೆ? – ಪ್ರಶ್ನೋತ್ತರ

ಪ್ರಶ್ನೆ (ಶಿರಸಿ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೆಯ ವರ್ಷ): ಅಕ್ಕೋರೆ, ನಮಸ್ಕಾರ. ಯಲ್ಲಾಪುರದ ಕಡೆ ಸಿದ್ದಿ ಬುಡಕಟ್ಟಿನವರ ಕೇರಿಗಳಲ್ಲಿ ಫೀಲ್ಡ್‌ವರ್ಕ್ ಮಾಡಿದ್ದೇನೆ. ಬಡವರಿಗೆ, ಕಾಡಂಚಿನವರಿಗೆ ಕಾಯಿಲೆ ಯಾಕೆ ಹೆಚ್ಚು ಅನ್ನುವುದರ ಮೇಲೆ ಪಿಎಚ್‌ಡಿ ಮಾಡುವ ಆಸೆ. ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಬಿ.ಎಡ್ ಮಾಡು ಅಂತಿದ್ದಾರೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತದೆಯೆ?

ಉತ್ತರ (ಸಾರ್ವಜನಿಕ ಆರೋಗ್ಯ ಪ್ರಾಧ್ಯಾಪಕಿ, ಊರು ಹೊನ್ನಾವರ): ತಂಗೀ, ಡಾಕ್ಟರೇ ಆಗಿರಬೇಕು ಅಂತೇನಿಲ್ಲ. ಸಮಾಜಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರ ಓದಿದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಸರ್ಕಾರ 180 ದಿನಕ್ಕೆ ಕಬ್ಬಿಣಾಂಶದ ಗುಳಿಗೆ ಪುಕ್ಕಟೆ ಕೊಡುತ್ತದೆ. ತಾಯಿ ಕಾರ್ಡಿನಲ್ಲಿ ಕೊಟ್ಟಿದ್ದೇವೆ ಅಂತ ಬರೆದೂ ಇರುತ್ತದೆ. ಗುಳಿಗೆ ಮಾತ್ರ ಮಾಡಿನ ಸಂದಿಗೆ ಸಿಕ್ಕಿಸಿದ್ದು ಹಾಗೇ ಇರುತ್ತದೆ. ಯಾಕೆ ಅಂತ ಕೇಳಿದರೆ ‘ಹೊಟ್ಟೆ ತೊಳಸ್ತದೆ’ ಅನ್ನುತ್ತಾಳೆ. ಇನ್ನೊಂದು ಗಳಿಗೆ ಕೂತು ಮಾತಾಡಿದರೆ ಉಳಿದ ಕಾರಣಗಳೂ ಹೊರಗೆ ಬರುತ್ತವೆ. ಬೆಳಿಗ್ಗೆ ಬರೀ ಚಾ ಕುಡಿದು ಅಡಿಕೆ ತೋಟದ ಕೂಲಿಗೆ ಹೋಗಬೇಕು. ತಪಾಸಣೆಗೆ ತಾಲೂಕಾಸ್ಪತ್ರೆಗೆ ಹೋದರೆ ಅವತ್ತಿನ ಪಗಾರ ಹೋಯಿತು, ಜೊತೆಗೆ ಬಂದ ಗಂಡನದ್ದೂ ಹೋಯಿತು. ಸಂಜೆ ಬಸ್ಸು ತಪ್ಪಿದರೆ ರಿಕ್ಷಾ ಬಾಡಿಗೆ ಬೇರೆ. ‘ಜನರಿಗೆ ತಿಳಿವಳಿಕೆ ಇಲ್ಲ’ ಎಂದು ವರದಿಗಳಲ್ಲಿ ಸಲೀಸಾಗಿ ಬರೆದುಬಿಡುತ್ತಾರಲ್ಲ, ಅದನ್ನು ಓದಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಅಂಕಿಯ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ವರದಿಯಲ್ಲಿ ಇರುವುದು ಇಡೀ ಉತ್ತರ ಕನ್ನಡದ ಸರಾಸರಿ. ಶಿರಸಿ ಪೇಟೆಯ ಮನೆಯೂ ಜೋಯ್ಡಾ ಕಾಡಿನ ಕುಣಬಿ ಸಮುದಾಯದ ಮನೆಯೂ ಅದರಲ್ಲೇ ಕಲಸಿಹೋಗಿವೆ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದವರು ಇನ್ನೂ ಸೇರಿಲ್ಲ, ಹಾಗಾಗಿ ಪಂಗಡವಾರು ಲೆಕ್ಕ ತೆಗೆದರೂ ಅವರು ಸಿಗುವುದಿಲ್ಲ. ಲೆಕ್ಕದಲ್ಲಿ ಕಾಣದವರ ಹೆಸರಿನಲ್ಲಿ ಯಾವ ಯೋಜನೆಯೂ ಹುಟ್ಟುವುದಿಲ್ಲ. ಕೇರಿ ಕೇರಿ ತಿರುಗಿದ ನಿನ್ನಂಥವರು ಬೇಕಾಗಿರುವುದು ಇದಕ್ಕೇ.

ಹೊಟ್ಟೆಪಾಡು: ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪಿಎಚ್‌ಡಿ ಮುಗಿದ ಮೇಲೆ ಕಾಯಂ ಹುದ್ದೆ ಕಡಿಮೆ. ಪ್ರಾಜೆಕ್ಟ್ ಇದ್ದಷ್ಟು ದಿನ ಸಂಬಳ ಅನ್ನುವ ವರ್ಷಗಳೂ ಬರುತ್ತವೆ. ಮನೆಯವರಿಗೆ ಇದನ್ನು ಮುಚ್ಚಿಡಬೇಡ. ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆ, ದೆಹಲಿಯ ಜೆಎನ್‌ಯು, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಹತ್ತಿರದಲ್ಲಿ ಮಣಿಪಾಲ – ಇವುಗಳ ಅರ್ಹತಾ ನಿಯಮ ನೋಡು. ಸಂಖ್ಯಾಶಾಸ್ತ್ರಕ್ಕೆ ಹೆದರಿ ದೂರ ಓಡಬೇಡ. ಕೊಂಕಣಿಯನ್ನೂ ಕಲಿ, ಜೋಯ್ಡಾದಲ್ಲಿ ಬೇಕೇ ಬೇಕು.

ಪ್ರಶ್ನೆ (ಅಂಕೋಲಾ): ನಮ್ಮ ಹಾಲಕ್ಕಿ ಕೊಪ್ಪಕ್ಕೆ ಎಷ್ಟೋ ಜನ ಬಂದರು. ಫೋಟೊ ತೆಗೆದರು, ರಕ್ತ ತೆಗೆದರು. ರಕ್ತದಲ್ಲಿ ಏನು ಸಿಕ್ಕಿತು ಅಂತ ಒಬ್ಬರೂ ಹೇಳಲಿಲ್ಲ. ಇನ್ನು ಬೇಡ ಅನ್ನಬಹುದಾ ಮೇಡಂ?

ಉತ್ತರ: ಧಾರಾಳವಾಗಿ ಅನ್ನಬಹುದು ತಮ್ಮಾ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಸಂಶೋಧನಾ ನೈತಿಕತೆಯ ಮಾರ್ಗಸೂಚಿ ಪ್ರಕಾರ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಮೊದಲು ಹೂಂ ಅಂದು ನಡುವೆ ಬೇಡ ಅಂದರೂ ನಿಮಗೆ ಸಿಗುವ ಚಿಕಿತ್ಸೆಗೆ ಧಕ್ಕೆ ಬರಬಾರದು. ಯಾರೇ ಬಂದರೂ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಅನುಮತಿ ಪತ್ರ ತೋರಿಸಿ ಅನ್ನಿ. ಫಲಿತಾಂಶವನ್ನು ಯಾವಾಗ, ಯಾರು ಬಂದು ಹೇಳುತ್ತಾರೆ ಅಂತ ಬರೆಸಿಕೊಳ್ಳಿ. ನಿಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಬೀದಿಗಿಳಿದಿದ್ದರಲ್ಲ, ಊರಿನ ಆರೋಗ್ಯ ಎಲ್ಲಿ ಕೆಡುತ್ತಿದೆ ಅಂತ ಊರವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಏನನ್ನು ಅಧ್ಯಯನ ಮಾಡಬೇಕು ಅನ್ನುವ ಮಾತುಕತೆಗೇ ನಿಮ್ಮನ್ನು ಕರೆಯಬೇಕು.

ಪ್ರಶ್ನೆ (ಜೋಯ್ಡಾ, ಆಶಾ ಕಾರ್ಯಕರ್ತೆ): ಸರ್ವೆಯವರಿಗೆ ಮನೆ ತೋರಿಸಲು ದಿನವಿಡೀ ನಾವೇ ತಿರುಗಬೇಕು. ಅದಕ್ಕೆ ದುಡ್ಡು ಕೇಳಿದರೆ ತಪ್ಪಾ?

ಉತ್ತರ: ತಪ್ಪಲ್ಲ ಅಕ್ಕಾ, ಕೇಳಿ. ಪ್ರಾಜೆಕ್ಟ್ ಬಜೆಟ್‌ನಲ್ಲಿ ನಿಮ್ಮ ದಿನಗೂಲಿಗೆ ಮೊದಲೇ ಜಾಗ ಇಡಬೇಕು.

ಪ್ರಶ್ನೆ (ಶಿರಸಿ, ಮೊದಲಿನವರೇ): ಅಕ್ಕೋರೆ, ವಿಷಯ ಏನು ಆರಿಸಿಕೊಳ್ಳಲಿ?

ಉತ್ತರ: ಎಲ್ಲಿ ಅಗತ್ಯ ಹೆಚ್ಚೋ ಅಲ್ಲೇ ಒಳ್ಳೆಯ ಚಿಕಿತ್ಸೆ ಕಡಿಮೆ ಎಂದು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು. ನಮ್ಮ ಜಿಲ್ಲೆಯನ್ನೇ ನೋಡು. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ, ಆದರೂ ಕೇಸು ಗಂಭೀರವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತೇವೆ. ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ’ ಅಂದಾಗ ಕೆಲವರು ಹೋಗುತ್ತಾರೆ, ಕೆಲವರು ದನ, ಬಂಗಾರ ಮಾರಿ ಹೋಗುತ್ತಾರೆ, ಕೆಲವರು ರೋಗಿಯನ್ನು ಮನೆಗೇ ವಾಪಸು ಒಯ್ಯುತ್ತಾರೆ. ಈ ಕೊನೆಯವರಿಗೆ ಮುಂದೇನಾಯಿತು ಅಂತ ಆಸ್ಪತ್ರೆ ರಿಜಿಸ್ಟರ್ ನೋಡಿದರೆ ಗೊತ್ತಾಗುವುದಿಲ್ಲ, ಮನೆಗೇ ಹೋಗಿ ಕೇಳಬೇಕು. ಯಲ್ಲಾಪುರ ತಾಲೂಕು ಒಂದನ್ನೇ ಹಿಡಿದುಕೊಂಡು ಎರಡು ಪುಟ ಬರೆದು ಕಳಿಸು, ಓದಿ ಹೇಳುತ್ತೇನೆ.