ಪದಚರ್ಚೆ: ಮೀನು ಉಜ್ಜುವ ಮಷಿನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಅದು ಯಾಕೆ ಬೇಕಾಯಿತು ಅನ್ನೋದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಕಷ್ಟ ಇರುವುದು ಅಲ್ಲೇ.

ನಾವಿರುವುದು ಮೈಸೂರಿನಲ್ಲಿ. ನಮ್ಮತ್ತೆ ಇರುವುದು ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಅವರಿಗೆ ಈಚೆಗೆ ಮಂಡಿ ನೋವು ಜಾಸ್ತಿ. ಈಳಿಗೆಮಣೆ ಮುಂದೆ ಕೂತರೆ ಏಳುವುದು ಕಷ್ಟ. ಆದರೂ ಭಾನುವಾರ ಮೀನು ಬಂತು ಅಂದರೆ ಬೇರೆಯವರ ಕೈಗೆ ಕೊಡುವುದಿಲ್ಲ. ಅವರಿಗೆ ಅನುಕೂಲ ಆಗಲಿ ಅಂತ ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಒಂದು ಮಷಿನ್ ತರಿಸಿದೆ. ಪುಟವನ್ನು ಕನ್ನಡದಲ್ಲಿ ತೋರಿಸು ಅಂತ ಒತ್ತಿದಾಗ ಬಂದ ಹೆಸರು ‘ವಿದ್ಯುತ್ ಮೀನು ಮಾಪಕ’. ಮಾಪಕ ಅಂದರೆ ಅಳೆಯುವ ಸಾಧನ ಅಲ್ವಾ? ಉಷ್ಣಮಾಪಕ, ಮಳೆಮಾಪಕ ಅಂತೀವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಸ್ಕೇಲ್ ಅಂದರೆ ಅಳತೆಯೂ ಹೌದು, ಮೀನಿನ ಮೈಮೇಲಿನ ಹುರುಪೆಯೂ ಹೌದು. ಅನುವಾದ ಮಾಡಿದ ಯಂತ್ರ ಅಳತೆಯ ಅರ್ಥವನ್ನು ಹಿಡಿದುಬಿಟ್ಟಿದೆ. ಡಬ್ಬಿಯ ಮೇಲೆ ಬೇರೆ ಹೆಸರು ಇತ್ತು: ‘ಫಿಶ್ ಕ್ಲೀನರ್’. ನಾನು ನಂಬಿದ್ದು ಇದನ್ನೇ. ಮೀನು ಕ್ಲೀನ್ ಮಾಡುತ್ತೆ ಅಂದರೆ ಪೂರ್ತಿ ಮಾಡುತ್ತೆ ಅಂದುಕೊಂಡೆ.

ವಸ್ತು ಹೇಗಿದೆ ಅಂದರೆ, ದಪ್ಪ ಟಾರ್ಚಿನಷ್ಟು ಉದ್ದ. ಒಳಗೆ ಚಾರ್ಜ್ ಮಾಡುವ ಬ್ಯಾಟರಿ. ತುದಿಯಲ್ಲಿ ಹಲ್ಲುಹಲ್ಲಾದ ಒಂದು ಸಣ್ಣ ಉರುಳೆ. ಗುಂಡಿ ಒತ್ತಿದರೆ ಉರುಳೆ ಜೋರಾಗಿ ತಿರುಗುತ್ತದೆ. ಹುರುಪೆ ಹಾರದಿರಲಿ ಅಂತ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಗಮನಿಸಿ, ಇದರಲ್ಲಿ ಅಲಗೇ ಇಲ್ಲ. ಇದು ಏನನ್ನೂ ಕುಯ್ಯುವುದಿಲ್ಲ.

ಆ ಭಾನುವಾರ ಒಂದೂವರೆ ಕೆಜಿ ಕಾಟ್ಲಾ ಬಂದಿತ್ತು. ಅತ್ತೆಯನ್ನು ಹಿತ್ತಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಮುಂದೆ ಸ್ಟೂಲು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಮೀನು. ಬಾಲದ ಕಡೆಯಿಂದ ತಲೆಯ ಕಡೆಗೆ ಓಡಿಸಬೇಕು ಅಂತ ನಾನು ಹೇಳುವ ಮೊದಲೇ ಅವರು ಹಾಗೇ ಹಿಡಿದಿದ್ದರು. ಹುರುಪೆ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತದೆ, ತುದಿ ಬಾಲದ ಕಡೆಗೆ. ಎದುರಿನಿಂದ ಹೋದರೆ ಮಾತ್ರ ಏಳುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಷಿನ್ ಗುರ್ ಅಂತು. ಎರಡೇ ನಿಮಿಷದಲ್ಲಿ ಎರಡೂ ಮಗ್ಗುಲು ಬರಿದಾಯಿತು. ಕೈಯಲ್ಲಾದರೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಮುಚ್ಚಳ ಇದ್ದರೂ ಒಂದಷ್ಟು ಹುರುಪೆ ಹಾರಿ ಅವರ ಸೆರಗಿಗೆ, ಹಿಂದಿನ ಗೋಡೆಗೆ ಅಂಟಿಕೊಂಡವು. ಈಜುರೆಕ್ಕೆಯ ಬುಡಕ್ಕೆ, ಕಿವಿಯ ಪಕ್ಕಕ್ಕೆ, ಹೊಟ್ಟೆಯ ಅಂಚಿಗೆ ಉರುಳೆ ಹೋಗಲಿಲ್ಲ. ಅಲ್ಲೆಲ್ಲ ಸಾಲುಸಾಲಾಗಿ ಉಳಿಯಿತು.

ಅತ್ತೆ ಮಷಿನ್ ಆರಿಸಿ ಪಕ್ಕಕ್ಕಿಟ್ಟು ಕೇಳಿದರು: ‘ಉಜ್ಜೇನೋ ಉಜ್ತು ಕಣವ್ವ. ಬಗೆಯೋರ್ಯಾರು?’

ನನಗೆ ಪದದ ಪ್ರಶ್ನೆ ಹುಟ್ಟಿದ್ದು ಆ ಮಾತಿನಿಂದ. ನಾನು ‘ಕ್ಲೀನ್’ ಅನ್ನುವ ಒಂದೇ ಪದದಲ್ಲಿ ಯೋಚಿಸುತ್ತಿದ್ದೆ. ಅವರ ಬಾಯಲ್ಲಿ ಆ ಕೆಲಸ ಒಂದಲ್ಲ. ಹುರುಪೆ ತೆಗೆಯುವುದು ಉಜ್ಜುವುದು. ರೆಕ್ಕೆ, ಬಾಲ ತೆಗೆಯುವುದು ಕತ್ತರಿಸುವುದು. ಹೊಟ್ಟೆ ಸೀಳುವುದು ಬೇರೆ, ಒಳಗೆ ಬೆರಳು ಹಾಕಿ ಕರುಳು ಈಚೆ ತೆಗೆಯುವುದು ಬೇರೆ. ಅದು ಬಗೆಯುವುದು. ಆಮೇಲೆ ಅಡ್ಡಡ್ಡ ತುಂಡು ಮಾಡುವುದು ಕುಯ್ಯುವುದು. ಮೂಳೆ ಗಟ್ಟಿ ಇರುವ ತಲೆಯನ್ನು ಮಚ್ಚಿನಿಂದ ಹೊಡೆದರೆ ಅದು ಕುಯ್ಯುವುದಲ್ಲ, ಕೊಚ್ಚುವುದು. ಹುರಿಯುವ ಮೀನಿನ ಮೈಮೇಲೆ ಖಾರ ಇಳಿಯಲಿ ಅಂತ ಹಾಕುವುದು ಗೀರು. ಕಾವೇರಿ ದಡದ ಬಲಮುರಿ ಕಡೆ ಹೋದವರು ಅಲ್ಲಿ ಹುರಿದು ಮಾರುವ ಮೀನಿನ ಮೇಲೆ ಆ ಗೀರುಗಳನ್ನು ನೋಡಿರುತ್ತೀರಿ.

ಇದರಲ್ಲಿ ಬಗೆಯುವುದೇ ನಾಜೂಕಿನ ಕೆಲಸ. ಪಿತ್ತದ ಚೀಲ ಕಡು ಹಸಿರು ಬಣ್ಣದ್ದು, ಕರುಳಿನ ಜೊತೆಗೇ ಇರುತ್ತದೆ. ಅದು ಒಡೆದರೆ ತಗುಲಿದ ಕಡೆಯೆಲ್ಲ ಕಹಿ, ಸಾರೂ ಕೆಡುತ್ತದೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಬುಡದಿಂದ ಹಿಡಿದು ಇಡಿಯಾಗಿ ಬಿಡಿಸುತ್ತಾರೆ. ಯಾವ ಬ್ಯಾಟರಿಯೂ ಈ ಕೆಲಸಕ್ಕೆ ಬರುವುದಿಲ್ಲ. ಅಂದಹಾಗೆ ‘ಬಗೆ’ ಅನ್ನುವ ಪದದ ಹರವು ಎಷ್ಟು ನೋಡಿ. ಮಣ್ಣು ಬಗೆಯುತ್ತೇವೆ, ಹೊಟ್ಟೆ ಬಗೆಯುತ್ತೇವೆ, ದ್ರೋಹ ಬಗೆಯುತ್ತೇವೆ. ಹೀಗೆ ಅಂತ ಬಗೆದೆ ಅಂದರೆ ತಿಳಿದೆ ಅಂತ ಅರ್ಥ. ಇವೆಲ್ಲ ಒಂದೇ ಬೇರಿನವೋ ಬೇರೆಬೇರೆಯೋ, ಬಲ್ಲವರು ಹೇಳಬೇಕು.

ಈಗ ಹಳೆಯ ಉಪಕರಣದ ಹೆಸರಿಗೆ ಬರೋಣ. ನಮ್ಮ ಕಡೆ ಈಳಿಗೆಮಣೆ. ಉತ್ತರ ಕನ್ನಡದ ಗೆಳತಿ ಮೆಟ್ಟುಗತ್ತಿ ಅನ್ನುತ್ತಾಳೆ. ಒಂದರಲ್ಲಿ ಮಣೆ ಇದೆ, ಇನ್ನೊಂದರಲ್ಲಿ ಕಾಲು ಮೆಟ್ಟುವುದಿದೆ. ತೆಲುಗಿನವರದು ಕತ್ತಿಪೀಟ, ಪೀಟ ಅಂದರೂ ಮಣೆಯೇ. ತಮಿಳಿನವರ ಅರುವಾಮನೈ ಅನ್ನುವುದರಲ್ಲೂ ಮಣೆ ಇದೆ. ಬಂಗಾಳದವರು ಮೀನು ಕುಯ್ಯುವ ಬೋಟಿಯೂ ಇದೇ ಜಾತಿಯದು, ಅದನ್ನೂ ಕಾಲಲ್ಲಿ ಒತ್ತಿ ಹಿಡಿಯುತ್ತಾರೆ. ಅಂದರೆ ಅಲಗಿನಷ್ಟೇ ಮುಖ್ಯವಾಗಿ ಕೂರುವ, ಮೆಟ್ಟುವ ಭಂಗಿಯೂ ಹೆಸರಿನಲ್ಲಿ ಉಳಿದಿದೆ. ಅದಕ್ಕೆ ಕಾರಣವೂ ಇದೆ. ಚಾಕುವಿನಲ್ಲಿ ಅಲಗು ಓಡಾಡುತ್ತದೆ, ಮೀನು ಕೂತಿರುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಮೀನು ಓಡಾಡುತ್ತದೆ. ಜಾರುವ ಮೀನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬಹುದು. ಜಾಸ್ತಿ ಜಾರಿದರೆ ಅಂಗೈಗೆ ಒಂದು ಹಿಡಿ ಬೂದಿ ಸಾಕು. ಅದೇ ಅಲಗಿಗೆ ಮೀನನ್ನು ಓರೆಯಾಗಿ ಒತ್ತಿ ಎಳೆದರೆ ಹುರುಪೆ ಹೋಗುತ್ತದೆ, ನೇರವಾಗಿ ಒತ್ತಿದರೆ ತುಂಡಾಗುತ್ತದೆ. ಒಂದೇ ಅಲಗು, ಉಜ್ಜುವುದಕ್ಕೂ ಸೀಳುವುದಕ್ಕೂ ಕುಯ್ಯುವುದಕ್ಕೂ. ಮಷಿನ್‌ನಲ್ಲಿ ಒಂದು ಕೈ ಮಷಿನ್‌ಗೇ ಹೋಯಿತು. ಉಳಿದ ಒಂದೇ ಕೈಯಲ್ಲಿ ಮೀನು ಹಿಡಿಯಬೇಕು.

ಹಾಗಂತ ಮಷಿನ್ ದಂಡ ಅಂತ ನಾನು ಹೇಳುವುದಿಲ್ಲ. ಅರ್ಧ ಕೆಲಸ ಕುರ್ಚಿಯ ಮೇಲೆ ಕೂತೇ ಆಯಿತಲ್ಲ, ಅತ್ತೆಯ ಮಂಡಿಗೆ ಅದು ದೊಡ್ಡ ಸಹಾಯ. ದೊಡ್ಡ ಕಾಟ್ಲಾ, ರೋಹು, ಗೆಂಡೆಗೆ ಅದು ಒಳ್ಳೆಯದೇ. ಜಿಲೇಬಿ ಮೀನಿಗೆ ಬೇಡ. ಅದರ ಬೆನ್ನಿನ ಮುಳ್ಳಿಗೆ ಉರುಳೆ ತಗುಲಿ ಎಗರುತ್ತದೆ, ಮೈಯೂ ಸಣ್ಣದು. ಬಾಳೆ ಮೀನಿಗೆ, ಚೇಳು ಮೀನಿಗೆ ಹುರುಪೆಯೇ ಇಲ್ಲ, ಬರೀ ಲೋಳೆ. ಅಲ್ಲಿ ಬೂದಿ ಅಥವಾ ಕಲ್ಲುಪ್ಪು ಹಾಕಿ ಕೈಯಲ್ಲೇ ತಿಕ್ಕಬೇಕು. ಇನ್ನೊಂದು ಬಗೆಯ ಕರೆಂಟ್ ಚಾಕುವೂ ಬರುತ್ತದೆ. ಗರಗಸದ ಹಲ್ಲಿನ ಎರಡು ಅಲಗು ಅಕ್ಕಪಕ್ಕ ಹಿಂದೆ ಮುಂದೆ ಓಡುತ್ತವೆ. ಅದು ಮುಳ್ಳು ಬಿಟ್ಟು ಬರೀ ಮಾಂಸ ಬಿಡಿಸುವವರಿಗೆ. ನಾವು ಮುದ್ದೆಗೆ ಸಾರು ಮಾಡುವವರು, ಮುಳ್ಳಿನ ಸಮೇತ ಅಡ್ಡ ತುಂಡೇ ಬೇಕು. ಅಲ್ಲದೆ ಕಾಟ್ಲಾ, ರೋಹುವಿನ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಇರುತ್ತವೆ. ಬೆನ್ನುಮೂಳೆಯಿಂದ ಮಾಂಸ ಬಿಡಿಸಿದರೂ ಅವು ಉಳಿದೇ ಇರುತ್ತವೆ.

ಹೆಸರಿನ ವಿಷಯಕ್ಕೆ ಮೀನುಗಳ ಹೆಸರೇ ಒಂದು ದಾರಿ ತೋರಿಸುತ್ತದೆ ಅನ್ನಿಸುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಕಾವೇರಿಯವಲ್ಲ. ಗಂಗೆಯ ಕಡೆಯ ಮೀನುಗಳು, ಮರಿ ತಂದು ಇಲ್ಲಿ ಬಿಟ್ಟದ್ದು. ಅವುಗಳ ಜೊತೆ ಹೆಸರೂ ಬಂತು. ಆದರೆ ಆಫ್ರಿಕಾ ಮೂಲದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದಾಗ ಅದರ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ. ಅದು ಜಿಲೇಬಿ ಆಯಿತು. ಮಂಡ್ಯದ ಸಂತೆಯಲ್ಲಿ ತಿಲಾಪಿಯಾ ಕೊಡಿ ಅಂದರೆ ಎಷ್ಟು ಜನಕ್ಕೆ ಗೊತ್ತಾಗುತ್ತದೋ, ಜಿಲೇಬಿ ಅಂದರೆ ಸಾಕು. ಹೊಸ ಜೀವಕ್ಕೆ ಜನ ಹೆಸರಿಟ್ಟರು ಅಂದಮೇಲೆ ಹೊಸ ಮಷಿನ್‌ಗೂ ಇಡಬಹುದಲ್ವಾ?

ನಾನು ಯೋಚಿಸಿದ್ದು ಹೀಗೆ. ‘ಉಜ್ಜು’ ಅನ್ನುವುದರಿಂದ ‘ಉಜ್ಜುಗ’ ಮಾಡೋಣ ಅಂತ ಮನೆಯವರು ಅಂದರು. ಅದು ಆಗುವುದಿಲ್ಲ, ಯಾಕಂದ್ರೆ ಉಜ್ಜುಗ ಅನ್ನುವುದು ಉದ್ಯೋಗದ ತದ್ಭವವಾಗಿ ಮೊದಲೇ ಇದೆ. ‘ಕೀಸು’ ಇದೆ, ಕೀಸುಳಿಯೂ ಇದೆ. ಆದರೆ ಅದು ಬಡಗಿಯದು. ಅದಕ್ಕೆ ಅಲಗು ಇರುತ್ತದೆ, ಅದು ಮರದ ಪದರವನ್ನೇ ಎಬ್ಬಿಸುತ್ತದೆ. ಇಲ್ಲಿ ಚರ್ಮಕ್ಕೆ ಏನೂ ಆಗಬಾರದು. ‘ಹೆರೆ’ ಒಳ್ಳೆಯ ಪದ. ಆದರೆ ಹೆರೆಮಣೆ ಅಂದರೆ ಕರಾವಳಿಯವರಿಗೆ ತೆಂಗಿನಕಾಯಿ ತುರಿಯುವುದು.

ಹಾಗಾಗಿ ನನಗೆ ಬಾಚಣಿಗೆ ನೆನಪಾಯಿತು. ಬಾಚುವುದಕ್ಕೆ ಬಾಚಣಿಗೆ. ಲಟ್ಟಿಸುವುದಕ್ಕೆ ಲಟ್ಟಣಿಗೆ. ಅದೇ ದಾರಿಯಲ್ಲಿ ಉಜ್ಜುವುದಕ್ಕೆ ‘ಉಜ್ಜಣಿಗೆ’. ಬರವಣಿಗೆ, ಮೆರವಣಿಗೆ, ಬೆಳವಣಿಗೆಗಳಲ್ಲಿ ‘ಅಣಿಗೆ’ ಕೆಲಸವನ್ನು ಹೇಳುತ್ತದೆ, ವಸ್ತುವನ್ನಲ್ಲ ಅನ್ನುವುದು ಗೊತ್ತಿದೆ. ಆದರೆ ಬಾಚಣಿಗೆಯಲ್ಲಿ, ಲಟ್ಟಣಿಗೆಯಲ್ಲಿ ವಸ್ತುವನ್ನೇ ಹೇಳುತ್ತದೆ. ಅದರ ಮೇಲೆ ಆ ಉರುಳೆಗೂ ಬಾಚಣಿಗೆಯ ಹಾಗೆ ಹಲ್ಲಿದೆ. ಬ್ಯಾಟರಿ ಉಜ್ಜಣಿಗೆ ಅಂದರೆ ಕೇಳಿದವರಿಗೆ ಅದು ಉಜ್ಜುತ್ತದೆ ಅಷ್ಟೇ, ಬಗೆಯುವುದಿಲ್ಲ ಅಂತಲೂ ಗೊತ್ತಾಗುತ್ತದೆ. ಡಬ್ಬಿಯ ಮೇಲೆ ಈ ಪದ ಇದ್ದಿದ್ದರೆ ನಾನು ಪೂರ್ತಿ ಕೆಲಸ ಮಾಡುತ್ತೆ ಅಂತ ನಂಬುತ್ತಲೇ ಇರಲಿಲ್ಲ.

ಈ ಪದ ಮಷಿನ್‌ಗೆ ಮಾತ್ರ ಬೇಕು ಅಂತಲ್ಲ. ಮೈಸೂರಿನಲ್ಲಿ ನಾವು ಮೀನು ತರುವ ಅಂಗಡಿಯ ಹುಡುಗ ಒಂದು ಮರದ ಪಟ್ಟಿಗೆ ಸೋಡಾ ಬಾಟಲಿಯ ನಾಲ್ಕು ಮುಚ್ಚಳಗಳನ್ನು ಬೋರಲು ಹಾಕಿ ಮೊಳೆ ಹೊಡೆದಿಟ್ಟುಕೊಂಡಿದ್ದಾನೆ. ಮುಚ್ಚಳದ ಸುತ್ತ ಇರುವ ಹಲ್ಲುಗಳೇ ಹುರುಪೆ ಎಬ್ಬಿಸುತ್ತವೆ. ಹುಣಸೆ ಕೊರಡಿನ ಮೇಲೆ ಮೀನು ಮಲಗಿಸಿ ನಾಲ್ಕು ಸಲ ಎಳೆದರೆ ಮುಗಿಯಿತು. ಅದಕ್ಕೆ ಏನಂತೀಯಪ್ಪ ಅಂತ ಕೇಳಿದೆ. ‘ಬ್ರಶ್ಶು ಅಕ್ಕ’ ಅಂದ. ಮಾಡುತ್ತಿರುವ ಕೆಲಸಕ್ಕೆ? ‘ಕ್ಲೀನಿಂಗು.’ ಬಗೆಯುವುದಕ್ಕೆ? ಅದಕ್ಕೂ ಕ್ಲೀನಿಂಗೇ. ತುಂಡು ಮಾಡುವುದಕ್ಕೆ ‘ಕಟಿಂಗು’. ಅವನ ಕೈ ಅತ್ತೆಯ ಕೈಯಷ್ಟೇ ಚುರುಕು, ಕೆಲಸ ಒಂದೂ ಕಡಿಮೆ ಇಲ್ಲ. ಪದಗಳು ಮಾತ್ರ ಎರಡಕ್ಕೆ ಇಳಿದಿವೆ. ನನಗೆ ಸಂಕಟ ಆಗುವುದು ಇದಕ್ಕೆ. ಮಿಕ್ಸಿ, ಗ್ರೈಂಡರ್ ಬಂದವು. ಅವುಗಳ ಹೆಸರು ಹಾಗೇ ಇದ್ದರೂ ರುಬ್ಬು ಅನ್ನುವುದು ಉಳಿಯಿತು. ಇವತ್ತಿಗೂ ಹಿಟ್ಟು ರುಬ್ಬುತ್ತೇವೆ. ವಸ್ತುವಿನ ಹೆಸರು ಎಲ್ಲಿಂದಾದರೂ ಬರಲಿ, ಕೈ ಮಾಡುವ ಕೆಲಸದ ಹೆಸರು ಹೋಗಬಾರದು.

ಈಗ ನನ್ನ ಪ್ರಶ್ನೆಗಳು. ಹುರುಪೆ ತೆಗೆಯುವುದಕ್ಕೆ ನಿಮ್ಮ ಕಡೆ ಉಜ್ಜು ಅಂತಾರಾ, ಹೆರೆ ಅಂತಾರಾ, ಇನ್ನೇನಾದರೂ ಇದೆಯಾ? ಹುರುಪೆ ಅನ್ನುವುದೇ ಎಲ್ಲ ಕಡೆ ನಡೆಯುತ್ತದಾ? ನಮ್ಮ ತವರಿನಲ್ಲಿ ಸುಮ್ನೆ ಸಿಪ್ಪೆ ಅಂತೀವಿ, ಅತ್ತೆ ಹುರುಪೆ ಅಂತಾರೆ. ಪುಸ್ತಕದಲ್ಲಿ ಶಲ್ಕ ಅಂತಲೂ ನೋಡಿದ್ದೇನೆ, ಬಾಯಲ್ಲಿ ಕೇಳಿಲ್ಲ. ಕಿವಿರು ಕೂಡ ಹಾಗೇ. ಪಾಠದಲ್ಲಿ ಓದಿದ್ದೇವೆ, ಆದರೆ ಮೀನು ಕೊಳ್ಳುವಾಗ ‘ಕಿವಿ ಎತ್ತಿ ನೋಡು, ಕೆಂಪಗಿದೆಯಾ’ ಅಂತಲೇ ಅತ್ತೆ ಹೇಳುವುದು. ಮುಖ್ಯವಾಗಿ, ಉಜ್ಜಣಿಗೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮೀನುಗಾರರ ಮನೆಗಳಲ್ಲಿ ಸೋಡಾ ಮುಚ್ಚಳದ ಪಟ್ಟಿಗೆ ಮೊದಲೇ ಒಂದು ಹೆಸರು ಇದ್ದರೆ ನಾನು ನನ್ನದನ್ನು ಸಂತೋಷವಾಗಿ ಬಿಡುತ್ತೇನೆ, ಅದೇ ಸರಿಯಾದ ಪದ.

ಬರೆಯುವಾಗ ಯಾವ ಊರಿನ ಕಡೆ, ಯಾವ ಮೀನಿಗೆ ಅಂತ ದಯವಿಟ್ಟು ಸೇರಿಸಿ. ಲೋಳೆ ಮೀನಿಗೆ ತಿಕ್ಕುವುದು, ಹುರುಪೆ ಮೀನಿಗೆ ಉಜ್ಜುವುದು ಅಂತ ಅತ್ತೆ ಬೇರೆ ಮಾಡುತ್ತಾರೆ. ಇದು ಅವರೊಬ್ಬರ ಮಾತೋ, ಕಾವೇರಿ ದಡದ ಊರುಗಳಲ್ಲೆಲ್ಲ ಹೀಗೆಯೋ ತಿಳಿಯಬೇಕಿದೆ. ಬಂದ ಉತ್ತರಗಳನ್ನು ಮುಂದಿನ ಭಾನುವಾರ ಅವರಿಗೆ ಓದಿ ಹೇಳುತ್ತೇನೆ.