ಪದಚರ್ಚೆ: ಗೇರ್ ಬೇಗ ಏರಿ ಎಂಜಿನ್ 'ಲಗ್' ಆಗುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ಆಟೊಮ್ಯಾಟಿಕ್ ಕಾರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಒಂದು ಪುಟ ಮಾತ್ರ ಬಾಕಿ ಇದೆ, ಅದೂ ಒಂದು ಪದಕ್ಕಾಗಿ ನಿಂತಿದೆ.

ವಿಷಯ ಇಷ್ಟು. ಗೇರ್‌ಬಾಕ್ಸ್ ಬೇಕಾದ್ದಕ್ಕಿಂತ ಮೊದಲೇ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುತ್ತದೆ, ಆದರೆ ಅದರ ಮೇಲೆ ಪೂರ್ತಿ ಹೊರೆ ಬಿದ್ದಿರುತ್ತದೆ. ಕಾರು ನಡುಗುತ್ತದೆ, ಎಳೆಯುವುದಿಲ್ಲ. ಇಂಗ್ಲಿಷಿನವರು ಇದನ್ನು ಲಗ್ಗಿಂಗ್ ಅನ್ನುತ್ತಾರೆ. ನನಗೆ ಎರಡು ಬೇಕು. ಎಂಜಿನ್ ಪಡುವ ಈ ಪಾಡಿಗೆ ಒಂದು ಕ್ರಿಯಾಪದ, ಮೊದಲೇ ಗೇರ್ ಏರುವ ದೋಷಕ್ಕೆ ಒಂದು ಹೆಸರು. ತಲೆಬರಹ ಒಂದೇ ಸಾಲಿನಲ್ಲಿ ಕೂರಬೇಕು.

ನನಗೆ ಕೊಟ್ಟಿರುವ ಪದಪಟ್ಟಿಯಲ್ಲಿ 'ಸ್ವಯಂಚಾಲಿತ ಪ್ರಸರಣದ ಅಕಾಲಿಕ ಊರ್ಧ್ವ ಸ್ಥಾನಾಂತರದಿಂದ ಯಂತ್ರದ ಮೇಲೆ ಅತಿಭಾರ' ಎಂದಿದೆ. ಕಾರು ಓಡಿಸುವವರಿಗೆ ಇದು ತಿಳಿಯುವುದಿಲ್ಲ. ನನಗೇ ಎರಡು ಸಲ ಓದಬೇಕಾಯಿತು. ದಯವಿಟ್ಟು ಇವತ್ತೇ ತಿಳಿಸಿ.

— ಕೈಪಿಡಿಯ ಅನುವಾದಕಿ

ಮರು:

ಮೇಡಂ, ಆ ಪಟ್ಟಿಯನ್ನು ಪಕ್ಕಕ್ಕಿಡಿ.

'ಪ್ರಸರಣ' ಪತ್ರಿಕೆಗೆ, ರೇಡಿಯೊಗೆ ಸರಿ. ಗೇರ್‌ಬಾಕ್ಸಿಗೆ ಅಲ್ಲ. 'ಅತಿಭಾರ' ಅಂದರೆ ಕಾರಿನಲ್ಲಿ ಜನ, ಸಾಮಾನು ಜಾಸ್ತಿ ಆಯಿತು ಅಂತ ಅರ್ಥ ಮಾಡಿಕೊಳ್ಳುತ್ತಾರೆ. 'ಸ್ವಯಂಚಾಲಿತ ಕಾರು' ಅಂದರೆ ಈಗ ಅರ್ಧ ಜನಕ್ಕೆ ಡ್ರೈವರ್ ಇಲ್ಲದ ಕಾರು ಅನ್ನಿಸುತ್ತದೆ. ಆಟೊಮ್ಯಾಟಿಕ್ ಅಂತಲೇ ಬಿಡಿ.

ಕ್ರಿಯಾಪದಕ್ಕೆ 'ದಣಿ' ಸಾಕು. ಎಂಜಿನ್ ದಣಿಯುತ್ತದೆ. ಮುಗಿಯಿತು.

— ಪತ್ರಿಕೆಯ ಮೇಜಿನಿಂದ

ಮರು:

'ದಣಿ' ತಪ್ಪು. ವಾಹನ ತಂತ್ರಜ್ಞಾನ ಕಲಿಸುವವನಾಗಿ ಇದನ್ನು ಒಪ್ಪಲಾರೆ. ದಣಿಯುವುದು ಕೆಲಸ ಮಾಡಿ ಮಾಡಿ ಕೊನೆಗೆ ಆಗುವಂಥದ್ದು. ಇಲ್ಲಿ ಎಂಜಿನ್ ಈಗಷ್ಟೇ ಸ್ಟಾರ್ಟ್ ಆಗಿ ಹೊರಟಿದ್ದರೂ ಹೀಗಾಗುತ್ತದೆ. ಪದ ಹುಡುಕುವ ಮೊದಲು ಆಗುವುದೇನು ಅಂತ ನೋಡೋಣ.

ಏರುದಾರಿಯಲ್ಲಿ ಹೋಗುತ್ತಿದ್ದೀರಿ ಅನ್ನಿ. ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸಲು ಬೇಗ ನಾಲ್ಕಕ್ಕೋ ಐದಕ್ಕೋ ಹೋಗಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮೀಟರಿನ ಮುಳ್ಳು 1200ರ ಹತ್ತಿರ ಇದೆ. ಆಕ್ಸಿಲರೇಟರ್ ಒತ್ತುತ್ತೀರಿ. ವೇಗ ಬರುವುದಿಲ್ಲ. ಎಂಜಿನ್ನಿನಿಂದ ದಪ್ಪ ದನಿಯ ಗುಂಯ್ ಬರುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಗಿ ಕಾಣುವಷ್ಟು ನಡುಕ, ಸ್ಟಿಯರಿಂಗ್ ಹಿಡಿದ ಬೆರಳಿಗೆ ಝುಮ್ ಅನ್ನುತ್ತದೆ. ಇನ್ನಷ್ಟು ಒತ್ತಿದರೆ ತಟ್ಟನೆ ಎರಡು ಗೇರ್ ಇಳಿದು ಕಾರು ಮುಂದಕ್ಕೆ ನೆಗೆಯುತ್ತದೆ. ಆ ನೆಗೆತಕ್ಕೆ ಮುಂಚಿನ ಸ್ಥಿತಿಗೆ ಮೇಡಂ ಪದ ಕೇಳುತ್ತಿದ್ದಾರೆ.

ನಾಲ್ಕು ಸಿಲಿಂಡರಿನ ಎಂಜಿನ್ 1200ರಲ್ಲಿ ತಿರುಗಿದರೆ ಸೆಕೆಂಡಿಗೆ 40 ಸಲ ಉರಿ ಹೊತ್ತುತ್ತದೆ. 2400ರಲ್ಲಿ 80 ಸಲ. ಎರಡರಲ್ಲೂ ಅಷ್ಟೇ ಶಕ್ತಿ ಬೇಕಾದರೆ ನಿಧಾನ ತಿರುಗುವಾಗ ಪ್ರತಿ ಹೊಡೆತವೂ ಎರಡು ಪಟ್ಟು ಜೋರಾಗಿರಬೇಕು. ಪಿಸ್ಟನ್ನಿನ ಮೇಲೆ ಒತ್ತಡ ಏರುತ್ತದೆ. ಬೇರಿಂಗಿನಲ್ಲಿ ಆಯಿಲಿನ ಪದರ ತೆಳುವಾಗುತ್ತದೆ, ಏಕೆಂದರೆ ಆ ಪದರ ನಿಲ್ಲುವುದೇ ತಿರುಗುವ ವೇಗದಿಂದ. ಪಿಸ್ಟನ್ ನಿಧಾನ ಚಲಿಸುವುದರಿಂದ ಇನ್ನೂ ಉರಿಯದ ಗಾಳಿ-ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು ಸಮಯ ಸಿಗುತ್ತದೆ, ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಒಳಗಿನಿಂದ ಟಕಟಕ ಸದ್ದು ಬರುತ್ತದೆ. ಟರ್ಬೊ ಇರುವ, ಸಿಲಿಂಡರಿಗೇ ನೇರ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಕಿಡಿ ಬೀಳುವ ಮೊದಲೇ ಉರಿ ಹತ್ತಿ ಪಿಸ್ಟನ್ ಒಡೆದದ್ದೂ ಇದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯಿಂದ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅಂತ ಆಯಿಲಿನ ಹೊಸ ದರ್ಜೆಗಳು ಬಂದವು. ಈ ತೊಂದರೆ ತಡೆಯುವುದು ಅವುಗಳ ಒಂದು ಮುಖ್ಯ ಕೆಲಸ.

ಹಾಗಾಗಿ ಪದದಲ್ಲಿ ಎರಡೂ ಇರಬೇಕು: ಮೇಲೆ ಭಾರ, ಒಳಗೆ ಪ್ರಯತ್ನ. ಪದ ನಿಮಗೆ ಬಿಟ್ಟದ್ದು.

— ವಾಹನ ತಂತ್ರಜ್ಞಾನ ಕಲಿಸುವವ

ಮರು:

ಪದ ಇದೆ. ತಿಣುಕು.

ಮೇಷ್ಟ್ರು ಕೇಳಿದ ಎರಡೂ ಇದರಲ್ಲಿವೆ. ಕುಮಾರವ್ಯಾಸ ಹೇಳಿಲ್ಲವೇ, 'ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ'. ಭಾರ ಮೇಲಿದೆ, ಹೊರುವವನು ಕೆಳಗಿದ್ದಾನೆ, ಬಿಟ್ಟಿಲ್ಲ, ಆದರೆ ಸುಲಭವೂ ಆಗಿಲ್ಲ. ಎಂಜಿನ್ನಿನ ಪಾಡೂ ಇದೇ.

ಬೇರು ಹಳಗನ್ನಡದ 'ತಿಣ್ಪು', ಅಂದರೆ ಭಾರ. ತಿಣ್ ಎಂಬ ಧಾತುವಿನಿಂದಲೇ ತಿಣ್ಣ, ತಿಣ್ಪು, ತಿಣುಕು ಎಲ್ಲ ಹುಟ್ಟಿವೆ ಎಂಬುದು ನನ್ನ ಗಟ್ಟಿ ನಂಬಿಕೆ. ಭಾರದ ಬೇರಿನಿಂದಲೇ ಭಾರಕ್ಕೆ ಏಗುವ ಪದ. ಇಂಥದ್ದು ಮನೆಯಲ್ಲೇ ಇರುವಾಗ ಲಗ್ಗಿಂಗ್ ಬೇಕೇ?

ಹಾಗೆಯೇ ಗೇರ್ ಅನ್ನೂ ಬಿಡಿ. 'ಹಲ್ಲುಗಾಲಿ' ಅನ್ನಿ. 'ಹಲ್ಲುಗಾಲಿ ಬೇಗ ಬದಲಾದರೆ ಎಂಜಿನ್ ತಿಣುಕುತ್ತದೆ'. ಎಂಜಿನ್ನಿಗೂ ಒಂದು ಪದ ಕೊಡಬಲ್ಲೆ, ಕೇಳಿದರೆ.

— ಅಚ್ಚಗನ್ನಡದವ

ಮರು:

ಧ್ವನಿ ಹತ್ತಿರ ಇದ್ದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ತಿಣ್ಪಿನಿಂದ ತಿಣುಕಿಗೆ '-ಉಕು' ಎಲ್ಲಿಂದ ಬಂತು? ಹಾಗೆ ಬಂದ ಬೇರೆ ಧಾತು ತೋರಿಸಿ, ಆಮೇಲೆ ಮಾತಾಡೋಣ. ಇದರ ಮೇಲೆ ಕೈಪಿಡಿ ಕಟ್ಟಬೇಡಿ.

ಎರಡನೆಯದಾಗಿ, ತಿಣುಕುವುದು ಅಂದಾಗ ಓದುವವರಿಗೆ ಮೊದಲು ನೆನಪಾಗುವುದು ಮಲಬದ್ಧತೆ, ಇಲ್ಲವೇ ಹೆರಿಗೆ. 'ಏಗು' ಒಳ್ಳೆಯದು. ಎಂಜಿನ್ ಭಾರದ ಜೊತೆ ಏಗುತ್ತದೆ.

— ನಿಘಂಟಿನ ಕೆಲಸದಲ್ಲಿರುವವ

ಮರು:

ಏಗುವುದು ಬದುಕಿನ ಜೊತೆ, ಮಕ್ಕಳ ಜೊತೆ, ಸಾಲದ ಜೊತೆ. ಅದು ವರ್ಷಗಟ್ಟಲೆ ನಡೆಯುವ ಕೆಲಸ. ಇಲ್ಲಿ ಆಗುವುದು ಆ ಕ್ಷಣದ ಒದ್ದಾಟ.

ಮಲಬದ್ಧತೆಯ ಮಾತು ಒಪ್ಪುವುದಿಲ್ಲ. ಕ್ರೀಡಾಪುಟ ತೆಗೆದು ನೋಡಿ. 'ರನ್ ಗಳಿಸಲು ತಿಣುಕಾಡಿದರು' ಅಂತ ಬರೆಯುತ್ತಲೇ ಇರುತ್ತೇವೆ. ಯಾರೂ ಮುಖ ಸಿಂಡರಿಸಿಲ್ಲ. ನಾನು 'ದಣಿ' ವಾಪಸ್ ತೆಗೆದುಕೊಂಡು ತಿಣುಕಿನ ಕಡೆ ಬಂದಿದ್ದೇನೆ. ತಿಣುಕು, ತಿಣುಕಾಡು ಎರಡೂ ನಡೆಯುತ್ತದೆ.

— ಪತ್ರಿಕೆಯ ಮೇಜಿನಿಂದ

ಮರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಣುಕು ನನಗೆ ಹಿಡಿಸಿತು. ತಿಣುಕಾಡು ಬೇಡ ಅನ್ನಿಸುತ್ತದೆ. ಅದರಲ್ಲಿ ಮತ್ತೆ ಮತ್ತೆ ಪ್ರಯತ್ನಪಟ್ಟು ಸೋತ ಭಾವ ಇದೆ, ಅಲ್ವಾ? ಎಂಜಿನ್ ಸೋತಿಲ್ಲ. ಇನ್ನೊಂದು ಅನುಕೂಲ: 'ಎಂಜಿನ್ನನ್ನು ತಿಣುಕಿಸಬೇಡಿ' ಅಂತ ಎಚ್ಚರಿಕೆಯ ವಾಕ್ಯವನ್ನೂ ಮಾಡಬಹುದು. 'ಏಗಿಸಬೇಡಿ' ಅಂದರೆ ಕಿವಿಗೆ ಹಿತವಿಲ್ಲ.

ಇನ್ನು ದೋಷದ ಹೆಸರು. 'ಅವಸರದ ಗೇರೇರಿಕೆ' ಅಂದರೆ ಹೇಗೆ?

— ಅನುವಾದಕಿ

ಮರು:

ಅರಿಸಮಾಸ, ಬೇರೆ ಭಾಷೆಯ ಪದಕ್ಕೆ ಕನ್ನಡ ಪದ ಬೆಸೆದದ್ದು. ಬೇಡ.

ಜೊತೆಗೆ, ಗೇರು ಅಂದರೆ ಕನ್ನಡದಲ್ಲಿ ಗೋಡಂಬಿಯ ಮರ. ವಿಭಕ್ತಿ ಹತ್ತಿದರೆ ಎರಡೂ ಒಂದೇ: ಗೇರಿಗೆ, ಗೇರಿನ, ಗೇರನ್ನು. ಹಲ್ಲುಗಾಲಿಗೆ ಈ ತೊಂದರೆ ಇಲ್ಲ.

— ಅಚ್ಚಗನ್ನಡದವ

ಮರು:

ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಅರಿಸಮಾಸದ ಮಾತು ಸಂಸ್ಕೃತ-ಕನ್ನಡ ಸೇರುವ ಬಗ್ಗೆ. ಅಲ್ಲೂ ಬಿರುದುಗಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ಬಸ್‌ನಿಲ್ದಾಣ, ರೈಲುಗಾಡಿ ಹೇಳುವಾಗ ಯಾರೂ ಸೂತ್ರ ಹುಡುಕುವುದಿಲ್ಲ. ಆ ವಾದ ಇಲ್ಲಿಗೆ ಬೇಡ.

'ಹಲ್ಲುಗಾಲಿ' ಬೇರೆ ಕಾರಣಕ್ಕೆ ನಿಲ್ಲುವುದಿಲ್ಲ. ಗೇರ್ ಅನ್ನುವುದಕ್ಕೆ ಎರಡು ಅರ್ಥ. ಒಂದು ಹಲ್ಲಿರುವ ಚಕ್ರ. ಇನ್ನೊಂದು, ಎಂಜಿನ್ ಎಷ್ಟು ಸುತ್ತಿದರೆ ಚಕ್ರ ಎಷ್ಟು ಸುತ್ತುತ್ತದೆ ಎಂಬ ಪ್ರಮಾಣ. 'ಮೂರನೇ ಗೇರ್' ಅಂದರೆ ಮೂರನೇ ಚಕ್ರ ಅಲ್ಲ. ಹೆಚ್ಚಿನ ಆಟೊಮ್ಯಾಟಿಕ್ ಪೆಟ್ಟಿಗೆಗಳಲ್ಲಿ ಒಂದೇ ಚಕ್ರಗುಂಪಿನ ಬೇರೆ ಬೇರೆ ಭಾಗವನ್ನು ಹಿಡಿದು, ಬಿಟ್ಟು ಹಲವು ಗೇರ್‌ಗಳನ್ನು ಮಾಡುತ್ತಾರೆ. ಮೆಟ್ಟಿಲಿಲ್ಲದೆ ಪ್ರಮಾಣ ಬದಲಿಸುವ ಸಿವಿಟಿ ಎಂಬ ಗೇರ್‌ಬಾಕ್ಸಿನಲ್ಲಂತೂ ಈ ಕೆಲಸ ಮಾಡುವುದು ಎರಡು ರಾಟೆ, ಒಂದು ಬೆಲ್ಟು. 'ಮೂರನೇ ಹಲ್ಲುಗಾಲಿಗೆ ಹಾಕಿ' ಅಂದರೆ ಎಲ್ಲಿಗೆ ಹಾಕುವುದು?

— ನಿಘಂಟಿನ ಕೆಲಸದಲ್ಲಿರುವವ

ಮರು:

ಎಲ್ಲ ಪದಕ್ಕೂ ಹೀಗೇ ಅಡ್ಡಿ ಹೇಳಿದರೆ ಕನ್ನಡದಲ್ಲಿ ಉಳಿಯುವುದು 'ಮತ್ತು', 'ಆದರೆ' ಮಾತ್ರ. ಆಟೊಮ್ಯಾಟಿಕ್ ಬಿಟ್ಟಿರಿ, ಗೇರ್ ಬಿಟ್ಟಿರಿ, ಎಂಜಿನ್ ಬಿಟ್ಟಿರಿ. ಒಂದು ಯಂತ್ರವನ್ನು ನಮ್ಮ ಮಾತಿನಲ್ಲಿ ವಿವರಿಸಲಾರದವರು ಅದನ್ನು ನಮ್ಮ ಮಾತಿನಲ್ಲಿ ಯೋಚಿಸುವುದು ಹೇಗೆ? ಮಕ್ಕಳಿಗೆ ಕಲಿಸುವುದು ಹೇಗೆ? ನನಗೆ ಇದು ಹಟವಲ್ಲ. ಕೆಲಸ ಕೈಗೆ ಸಿಗಬೇಕಾದರೆ ಮೊದಲು ಪದ ಕೈಗೆ ಸಿಗಬೇಕು.

— ಅಚ್ಚಗನ್ನಡದವ

ಮರು:

ನೀವು ಕೊಟ್ಟ ವಾಕ್ಯದಲ್ಲೇ 'ಬದಲಾದರೆ' ಇದೆ. ಬದಲು ಅರಬ್ಬಿಯಿಂದ ಬಂದದ್ದು. ಮೇಷ್ಟ್ರು ಬಳಸಿದ 'ಜೋರು' ಪಾರಸಿ. ರಸ್ತೆಯೂ ಪಾರಸಿ. ಚಾವಿ ಪೋರ್ಚುಗೀಸಿನವರದು. ಇವು ಬಂದು ಸೇರಿದ್ದರಿಂದ ಕನ್ನಡ ಚಿಕ್ಕದಾಗಲಿಲ್ಲ. ನಮ್ಮ ವಿಭಕ್ತಿ, ನಮ್ಮ ಕ್ರಿಯಾರೂಪ ಹೊತ್ತು ನಿಂತ ಪದ ನಮ್ಮದೇ. 'ಗೇರಿಗೆ ಹಾಕು' ಅಂದಾಗ ಹಾಕುವುದೂ ನಾವೇ, '-ಇಗೆ'ಯೂ ನಮ್ಮದೇ. ಬಾಯಲ್ಲಿ ನೆಲೆಸಿದ ಪದವನ್ನು ಕಿತ್ತು ಹಾಕುವುದು ಸೇವೆಯಲ್ಲ.

ಆದರೆ ಇದನ್ನೂ ಹೇಳಬೇಕು. ಲಗ್ಗಿಂಗ್ ಯಾರ ಬಾಯಲ್ಲೂ ನೆಲೆಸಿಲ್ಲ. ಅಲ್ಲಿ ಕನ್ನಡ ಪದ ಕೊಟ್ಟದ್ದು ಸರಿಯಾದ ಕೆಲಸ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬೇರಿನ ವಿಚಾರದಲ್ಲಿ ಮಾತ್ರ ಇಲ್ಲ.

— ಪತ್ರಿಕೆಯ ಮೇಜಿನಿಂದ

ಮರು:

ಜಗಳ ಆಮೇಲೆ ಮುಂದುವರಿಸಿ. ಮೇಡಂಗೆ ಹೊತ್ತಾಗುತ್ತಿದೆ.

'ಗೇರೇರಿಕೆ' ಅನ್ನುವ ನಾಮಪದವೇ ಬೇಡ. ಕ್ರಿಯಾಪದ ಬಿಡಿಸಿ ಬರೆಯಿರಿ: ಗೇರ್ ಏರಿಸು, ಗೇರ್ ಇಳಿಸು. ಡ್ರೈವರುಗಳು ಹಾಗೇ ಹೇಳುವುದು. ಒಂದು ಎಚ್ಚರಿಕೆ ಇದೆ. ಏರುವುದು, ಇಳಿಯುವುದು ರಸ್ತೆಗೂ ಅದೇ ಪದ. ಏರಿನಲ್ಲೂ ಗೇರ್ ಇಳಿಸಬೇಕು, ಇಳಿಜಾರಿನಲ್ಲೂ ಗೇರ್ ಇಳಿಸಬೇಕು. ಹೊಸಬರು ಇಲ್ಲೇ ತಪ್ಪುವುದು. ಹಾಗಾಗಿ ರಸ್ತೆಗೆ ಯಾವಾಗಲೂ 'ಏರುದಾರಿ', 'ಇಳಿಜಾರು' ಅಂತ ಪೂರ್ತಿ ಬರೆಯಿರಿ.

'ಅವಸರ'ವೂ ಸರಿ ಕಾಣುವುದಿಲ್ಲ. ಗೇರ್‌ಬಾಕ್ಸಿಗೆ ಅವಸರ ಇಲ್ಲ, ಹೇಳಿದಂತೆ ಮಾಡುತ್ತಿದೆ. ನಿಧಾನ ತಿರುಗುವ ಎಂಜಿನ್ನಿನಲ್ಲಿ ತಿಕ್ಕಾಟ ಕಡಿಮೆ, ಗಾಳಿ ಎಳೆದುಕೊಳ್ಳಲು ವ್ಯರ್ಥವಾಗುವ ಶಕ್ತಿ ಕಡಿಮೆ, ಪೆಟ್ರೋಲ್ ಉಳಿಯುತ್ತದೆ. ಅದಕ್ಕೇ ತಯಾರಕರು ಬೇಗ ಏರುವಂತೆ ಇಟ್ಟಿರುತ್ತಾರೆ. ಸಮತಟ್ಟು ರಸ್ತೆಯಲ್ಲಿ, ಹಗುರ ಕಾಲಿನಲ್ಲಿ ಅದು ತಪ್ಪೇ ಅಲ್ಲ. ಹೊರೆ ಬಿದ್ದಾಗಲೂ ಹಾಗೇ ಮಾಡಿದರೆ ದೋಷ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಹೇಳುವ ಸೆನ್ಸರ್ ಕಡಿಮೆ ತೋರಿಸಿದರೆ ಹೀಗಾಗುತ್ತದೆ. ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಅದನ್ನೇ ತಿಳಿಸುವ ಥ್ರಾಟಲ್ ಕೇಬಲ್ ಎಂಬ ತಂತಿ ಸಡಿಲವಾದರೂ ಅಷ್ಟೇ. ಅಲ್ಲಿ ಆಯಿಲಿನ ಒತ್ತಡವೂ ತಗ್ಗಿ ಒಳಗಿನ ಕ್ಲಚ್ ಜಾರಿ ಸುಡುತ್ತದೆ, ಹಾಗಾಗಿ ಸುಮ್ನೆ ಬಿಡುವಂತಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲಿನ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಬಿಗಿಯದೆ ಇರುವಾಗ ಎಂಜಿನ್ ಸ್ವಲ್ಪ ಜಾರಿ ಇನ್ನಷ್ಟು ವೇಗವಾಗಿ ತಿರುಗಿ ಬಚಾವಾಗುತ್ತದೆ. ಅದು ಲಾಕ್ ಆದ ಮೇಲೆ ನಿಜವಾದ ತಿಣುಕು ಶುರು.

'ಬೇಗ' ಸಾಕು. ಸರಳ, ಸರಿ.

— ವಾಹನ ತಂತ್ರಜ್ಞಾನ ಕಲಿಸುವವ

ಮರು:

ಮೇಷ್ಟ್ರೇ, ಇದೇ ಬೇಕಿತ್ತು. ಕೊನೆಯ ರೂಪ ಹೀಗಿದೆ:

ಗೇರ್ ಬೇಗ ಏರಿದರೆ ಎಂಜಿನ್ ತಿಣುಕುತ್ತದೆ

ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋದರೆ, ಆಕ್ಸಿಲರೇಟರ್ ಒತ್ತಿದರೂ ಕಾರು ಎಳೆಯುವುದಿಲ್ಲ. ಸ್ಟಿಯರಿಂಗ್, ಸೀಟು ನಡುಗುತ್ತವೆ. ಆಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದು ಗೇರ್ ಇಳಿಸಿ. ಏರುದಾರಿಯಲ್ಲಿ ಎಂಜಿನ್ನನ್ನು ತಿಣುಕಿಸಬೇಡಿ. ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಸರ್ವಿಸ್ ಕೇಂದ್ರದಲ್ಲಿ ತೋರಿಸಿ.

— ಅನುವಾದಕಿ

ಮರು:

'ಒತ್ತಿದರೂ ಕಾರು ಎಳೆಯುವುದಿಲ್ಲ' ಓದಿದವರು ಇನ್ನೂ ಜೋರಾಗಿ ಒತ್ತುತ್ತಾರೆ. ಅದರ ಮುಂದೆಯೇ 'ಇನ್ನಷ್ಟು ಒತ್ತಬೇಡಿ' ಸೇರಿಸಿ. 'ನಡುಗುತ್ತವೆ' ಆದ ಮೇಲೆ 'ಎಂಜಿನ್ನಿನಿಂದ ಟಕಟಕ ಸದ್ದು ಬರಬಹುದು' ಅಂತಲೂ ಹಾಕಿ. ನಡುಕವನ್ನು ಕೆಲವರು ರಸ್ತೆಯ ಮೇಲೆ ಹಾಕಿಬಿಡುತ್ತಾರೆ, ಸದ್ದನ್ನು ಹಾಗೆ ಮಾಡಲಾಗದು.

— ವಾಹನ ತಂತ್ರಜ್ಞಾನ ಕಲಿಸುವವ

ಮರು:

ಪದಸೂಚಿಯಲ್ಲಿ 'ಲಗ್ಗಿಂಗ್: ತಿಣುಕು ನೋಡಿ' ಅಂತ ಒಂದು ಸಾಲು ಇರಲಿ. ಮೆಕ್ಯಾನಿಕ್ ಆ ಪದ ಹಿಡಿದು ಹುಡುಕಿದರೆ ಸಿಗಬೇಕು. '-ಉಕು'ವಿಗೆ ಉದಾಹರಣೆ ಕೇಳಿದ್ದೆ, ಇನ್ನೂ ಬಂದಿಲ್ಲ.

— ನಿಘಂಟಿನ ಕೆಲಸದಲ್ಲಿರುವವ

ಮರು:

ಬರುತ್ತದೆ. ಬೇರೆ ಶೀರ್ಷಿಕೆಯಲ್ಲಿ ಕಳಿಸುತ್ತೇನೆ. ಮೇಡಂ, ತಲೆಬರಹ ಬದಲಾಯಿಸಬೇಡಿ, ಚೆನ್ನಾಗಿದೆ.

— ಅಚ್ಚಗನ್ನಡದವ